ಅಂಗೈ ಲಿನಕ್ಸ್ ಮತ್ತು ಮೆಮೊರಿ ಕಾರ್ಡ್: ನಂಬಿಕೆ ಬೆಳೆದ ಬಗೆ

ಅಂಗೈಯಲ್ಲಿ ಹಿಡಿಯುವ ಲಿನಕ್ಸ್ ಕಂಪ್ಯೂಟರುಗಳ ಚರಿತ್ರೆ ಹೇಳುವಾಗ ಪ್ರೊಸೆಸರ್, ಪರದೆಗಳ ಮಾತು ಬಂದಷ್ಟು ಮೆಮೊರಿ ಕಾರ್ಡಿನ ಮಾತು ಬರುವುದಿಲ್ಲ. ಆದರೆ ಬಳಸುವವರ ಟಿಪ್ಪಣಿ, ಫೋಟೊ, ಎಷ್ಟೋ ಸಲ ಇಡೀ ಆಪರೇಟಿಂಗ್ ಸಿಸ್ಟಂ ಕೂಡ ಇರುವುದು ಆ ಕಾರ್ಡಿನಲ್ಲೇ. ಅದು ಕೈಕೊಟ್ಟರೆ ಯಂತ್ರ ಇದ್ದೂ ಇಲ್ಲದಂತೆ. ಕಾಲು ಶತಮಾನದ ಈ ಬೆಳವಣಿಗೆಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ: ಕಾರ್ಡಿನ ಒಳಗೆ ನಡೆಯುವುದು ನಮಗೆ ತಿಳಿದಷ್ಟೂ ಅದರಲ್ಲಿಟ್ಟದ್ದನ್ನು ಕಾಪಾಡುವುದು ಸುಲಭವಾಗಿದೆ.

ಮೊದಲ ತಲೆಮಾರು

ತೊಶಿಬಾದ ಫುಜಿಯೊ ಮಸುಓಕಾ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಷ್ ಮೆಮೊರಿಯೇ ಇದಕ್ಕೆಲ್ಲ ಬುನಾದಿ. ಇಂದಿನ ಕಾರ್ಡುಗಳಲ್ಲಿರುವ ನ್ಯಾಂಡ್ ಬಗೆಯ ಫ್ಲ್ಯಾಷನ್ನು ಅವರ ತಂಡ 1987ರಲ್ಲಿ ಮಂಡಿಸಿತು. ಅದರ ಹುಟ್ಟುಗುಣ ವಿಚಿತ್ರ: ಒಂದಕ್ಷರ ತಿದ್ದಲು ಇಡೀ ಸ್ಲೇಟನ್ನೇ ಒರೆಸಬೇಕಾದಂತೆ, ಸಣ್ಣ ಬದಲಾವಣೆಗೂ ದೊಡ್ಡ ಬ್ಲಾಕೊಂದನ್ನು ಅಳಿಸಬೇಕು. ಅಳಿಸುವುದಕ್ಕೂ ಮಿತಿಯಿದೆ. ಕೋಶಕ್ಕೆ ಒಂದೇ ಬಿಟ್ ಇಡುವ ಹಳೆಯ ಚಿಪ್ಪುಗಳು ಸುಮಾರು 1,00,000 ಸಲ ತಾಳುತ್ತಿದ್ದವು. ಮೂರು ಬಿಟ್ ತುಂಬುವ ಅಗ್ಗದ ಚಿಪ್ಪುಗಳ ಆಯಸ್ಸು ಸಾವಿರದ ಆಸುಪಾಸು. 1994ರಲ್ಲಿ ಸ್ಯಾನ್‌ಡಿಸ್ಕ್ ತಂದ ಕಾಂಪ್ಯಾಕ್ಟ್‌ಫ್ಲ್ಯಾಷ್ ಕಾರ್ಡು ಈ ತೊಡಕುಗಳನ್ನೆಲ್ಲ ಒಳಗಿನ ಕಂಟ್ರೋಲರಿಗೆ ವಹಿಸಿ, ಹೊರಗೆ ಹಾರ್ಡ್‌ಡಿಸ್ಕಿನಂತೆ ನಡೆದುಕೊಂಡಿತು. 1999ರಲ್ಲಿ ಸ್ಯಾನ್‌ಡಿಸ್ಕ್, ಮತ್ಸುಶಿತಾ, ತೊಶಿಬಾ ಸೇರಿ ಎಸ್‌ಡಿ ಕಾರ್ಡನ್ನು ಪ್ರಕಟಿಸಿದವು.

ಅಂಗೈ ಲಿನಕ್ಸ್ ಚಿಗುರಿದ್ದು ಇದೇ ಹೊತ್ತಿಗೆ. ಕಾಂಪ್ಯಾಕ್ ಕಂಪನಿಯ ಐಪ್ಯಾಕ್‌ಗೆ ಉತ್ಸಾಹಿಗಳು ಫೆಮಿಲಿಯರ್ ಲಿನಕ್ಸ್ ಹಾಕಿದರು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನವರು ಸೇರಿ 2001ರಲ್ಲಿ ಸಿಂಪ್ಯೂಟರ್ ತೋರಿಸಿದರು. ಒಂದು ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲಿ, ತಂತಮ್ಮ ಮಾಹಿತಿ ತಂತಮ್ಮ ಸ್ಮಾರ್ಟ್‌ಕಾರ್ಡಿನಲ್ಲಿರಲಿ ಎಂಬುದು ಅದರ ಯೋಚನೆ. ಯಂತ್ರ ಯಾರದಾದರೂ ಇರಲಿ, ದತ್ತಾಂಶ ಮಾತ್ರ ವ್ಯಕ್ತಿಯದು ಎಂಬ ಆ ತಿಳಿವಳಿಕೆ ಇಂದಿಗೂ ಗೌರವಕ್ಕೆ ಅರ್ಹ. 2002ರಲ್ಲಿ ಬಂದ ಶಾರ್ಪ್ ಝೌರಸ್ ಎಸ್‌ಎಲ್-5500ರಲ್ಲಿ ಕಾಂಪ್ಯಾಕ್ಟ್‌ಫ್ಲ್ಯಾಷ್, ಎಸ್‌ಡಿ ಎರಡಕ್ಕೂ ಜಾಗವಿತ್ತು. ಒಳಗೆ ಇದ್ದದ್ದು 16 ಎಂಬಿ ಫ್ಲ್ಯಾಷ್, 64 ಎಂಬಿ ರ್‍ಯಾಮ್. ಆ ರ್‍ಯಾಮಿನಲ್ಲೇ ಒಂದು ಪಾಲು ಫೈಲುಗಳಿಗೆ ಮೀಸಲಾಗಿತ್ತು. ಬ್ಯಾಟರಿ ಪೂರ್ತಿ ಬರಿದಾದರೆ ಅಲ್ಲಿದ್ದದ್ದೆಲ್ಲ ಹೋಯಿತೆಂದೇ ಅರ್ಥ. ಹಾಗಾಗಿ ಕಾರ್ಡು ಅನಿವಾರ್ಯವಾಯಿತು.

ಮೂರು ತೊಡಕುಗಳು

ಮೊದಲನೆಯದು ಫೈಲ್ ಸಿಸ್ಟಂನದು. ಅಂಗಡಿಯಿಂದ ತಂದ ಕಾರ್ಡು ಫ್ಯಾಟ್ ರೂಪದಲ್ಲಿರುತ್ತಿತ್ತು. ಲಿನಕ್ಸಿಗೆ ಬೇಕಾದ ಅನುಮತಿಗಳಾಗಲಿ ಸಿಂಬಾಲಿಕ್ ಲಿಂಕ್‌ಗಳಾಗಲಿ ಫ್ಯಾಟ್‌ನಲ್ಲಿಲ್ಲ. ಕಾರ್ಡಿನ ಮೇಲೆ ಪ್ರೋಗ್ರಾಂ ಸ್ಥಾಪಿಸಬೇಕೆಂದವರು ಅದನ್ನು ಲಿನಕ್ಸಿನದೇ ಫೈಲ್ ಸಿಸ್ಟಂ ಆದ ಇಎಕ್ಸ್‌ಟಿ-2ಕ್ಕೆ ಬದಲಿಸಿಕೊಂಡರು. ಆಗ ವಿಂಡೋಸ್ ಅದನ್ನು ತಾನಾಗಿ ಓದುತ್ತಿರಲಿಲ್ಲ. ಎರಡನೆಯದು ನಿದ್ದೆಯದು. ಯಂತ್ರ ಮಲಗಿ ಎದ್ದಾಗ, ಯಾರೋ ಕಾರ್ಡು ತೆಗೆದು ಬೇರೆಯದನ್ನು ಹಾಕಿರಬಹುದೆಂದು ಲಿನಕ್ಸಿನ ತಿರುಳಾದ ಕರ್ನಲ್ ಭಾವಿಸುತ್ತಿತ್ತು. ತೆರೆದಿದ್ದ ಫೈಲುಗಳು ನಡುವೆಯೇ ತುಂಡಾಗುತ್ತಿದ್ದವು. ಮೂರನೆಯದು ಗುಟ್ಟಿನದು. ಎಸ್‌ಡಿ ಮಾನದಂಡದ ವಿವರ ಒಪ್ಪಂದಕ್ಕೆ ಸಹಿ ಹಾಕಿದವರಿಗೆ ಮಾತ್ರ ಸಿಗುತ್ತಿತ್ತು. ಝೌರಸ್‌ನ ಎಸ್‌ಡಿ ಡ್ರೈವರಿನ ಮೂಲಸಂಕೇತ ಮುಚ್ಚಿತ್ತು. ಹೊಸ ಕರ್ನಲ್‌ಗೆ ಹೋಗಬೇಕೆಂದವರು ಎಸ್‌ಡಿ ಕಾರ್ಡಿನ ಆಸೆ ಬಿಡಬೇಕಾಗುತ್ತಿತ್ತು.

2005ರ ಸುಮಾರಿಗೆ ಮುಖ್ಯ ಕರ್ನಲ್‌ನಲ್ಲೇ ಮುಕ್ತ ಎಸ್‌ಡಿ ಬೆಂಬಲ ಸೇರಿತು. 2006ರಲ್ಲಿ ಎಸ್‌ಡಿ ಒಕ್ಕೂಟ ಮಾನದಂಡದ ಸರಳ ಆವೃತ್ತಿಯನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ನೋಕಿಯಾ 2007ರಲ್ಲಿ ತಂದ ಎನ್‌800ರಲ್ಲಿ ಎರಡು ಕಾರ್ಡು ಹಿಡಿಸುತ್ತಿದ್ದವು. ಇಡೀ ಸಿಸ್ಟಂ ಅನ್ನು ಕಾರ್ಡಿನಿಂದಲೇ ಎಬ್ಬಿಸುವುದು ಅದರ ಬಳಕೆದಾರರಲ್ಲಿ ರೂಢಿಯಾಯಿತು.

ಬರೆಯುವ ವಿದ್ಯೆ

ಹಠಾತ್ತನೆ ವಿದ್ಯುತ್ ನಿಂತರೆ ಫೈಲ್ ಸಿಸ್ಟಂ ಹಾಳಾಗದಂತೆ ಇಎಕ್ಸ್‌ಟಿ-3 ಜರ್ನಲ್, ಅಂದರೆ ಮಾಡಲಿರುವ ಬದಲಾವಣೆಯನ್ನು ಮೊದಲೇ ಗುರುತು ಹಾಕಿಕೊಳ್ಳುವ ದಾಖಲೆ, ಇಟ್ಟಿತು. 2001ರ ಕೊನೆಗೆ ಅದು ಕರ್ನಲ್ ಸೇರಿತ್ತು. ಇದಕ್ಕೆ ತೆರಬೇಕಾದ ಬೆಲೆ ಹೆಚ್ಚುವರಿ ಬರಹ. ಪ್ರತಿ ಬರಹವನ್ನೂ ಕೂಡಲೇ ಕಾರ್ಡಿಗೆ ಇಳಿಸುವ 'ಸಿಂಕ್' ಆಯ್ಕೆ ಸುರಕ್ಷಿತವೆಂದು ತೋರಿದರೂ, ಫ್ಯಾಟ್ ಕೋಷ್ಟಕವನ್ನು ಮತ್ತೆ ಮತ್ತೆ ಬರೆಸಿ ಕಾರ್ಡನ್ನು ಸವೆಸುತ್ತಿತ್ತು. ಫೈಲ್ ಓದಿದ ವೇಳೆಯನ್ನೂ ಪ್ರತಿ ಸಲ ದಾಖಲಿಸುವ ಚಾಳಿಯನ್ನು 2009ರಲ್ಲಿ ಕರ್ನಲ್ ತಾನಾಗಿ ಕಡಿಮೆ ಮಾಡಿತು. ಸ್ಯಾಮ್ಸಂಗ್ ರೂಪಿಸಿದ ಎಫ್2ಎಫ್‌ಎಸ್, ಅಂದರೆ ಫ್ಲ್ಯಾಷ್‌ನ ಗುಣವರಿತು ಬರೆಯುವ ಫೈಲ್ ಸಿಸ್ಟಂ, 2013ರಲ್ಲಿ ಬಂತು.

ಆದರೆ ಜರ್ನಲ್ ಕೂಡ ತಡೆಯಲಾಗದ ಅಪಾಯವೊಂದಿದೆ. ಕಂಟ್ರೋಲರ್ ಒಂದು ಬ್ಲಾಕಿನ ಹಳೆಯ ಮಾಹಿತಿಯನ್ನು ಬೇರೆಡೆಗೆ ಸಾಗಿಸುತ್ತಿರುವಾಗ ವಿದ್ಯುತ್ ಹೋದರೆ, ನಾವು ಮುಟ್ಟದೇ ಇದ್ದ ಫೈಲೂ ನಾಶವಾಗಬಹುದು. ಇದನ್ನು ಅರಿಯಲು ಕಾರ್ಡಿನ ಒಳಹೊಕ್ಕು ನೋಡಬೇಕಿತ್ತು. 2011ರಲ್ಲಿ ಆರ್ಂಡ್ ಬರ್ಗ್‌ಮನ್ ತಮ್ಮ ಫ್ಲ್ಯಾಷ್‌ಬೆಂಚ್ ಎಂಬ ಸಾಧನದಿಂದ ಅಗ್ಗದ ಕಾರ್ಡುಗಳ ನಡವಳಿಕೆ ಅಳೆದರು. ಹಲವು ಕಾರ್ಡುಗಳು ಫ್ಯಾಟ್‌ಗೆಂದೇ ಹೊಂದಿಸಲ್ಪಟ್ಟಿದ್ದವು. ಏಕಕಾಲಕ್ಕೆ ಕೆಲವೇ ಬ್ಲಾಕುಗಳನ್ನು ನಿಭಾಯಿಸಬಲ್ಲವಾಗಿದ್ದವು. 2013ರ ಡಿಸೆಂಬರಿನಲ್ಲಿ ಹ್ಯಾಂಬರ್ಗ್‌ನಲ್ಲಿ ಆಂಡ್ರ್ಯೂ ಹುವಾಂಗ್ ಮತ್ತು ಶಾನ್ ಕ್ರಾಸ್, ಕಾರ್ಡಿನೊಳಗೂ ಒಂದು ಪುಟ್ಟ ಕಂಪ್ಯೂಟರ್ ಇದೆ, ಅದರ ಪ್ರೋಗ್ರಾಮನ್ನು ಬದಲಿಸಲೂಬಹುದು ಎಂದು ತೋರಿಸಿದರು. ನಕಲಿ ಕಾರ್ಡುಗಳು ಇಲ್ಲದ ಜಾಗವನ್ನು ಇದೆಯೆಂದು ಸಾರಬಲ್ಲವು ಏಕೆಂಬುದೂ ಇದರಿಂದ ಮನದಟ್ಟಾಯಿತು. ಪೂರ್ತಿ ಬರೆದು, ಓದಿ, ತಾಳೆ ನೋಡುವ ಎಫ್3ಯಂಥ ಮುಕ್ತ ಸಾಧನಗಳು ಇಂಥ ಮೋಸವನ್ನು ಬಯಲಿಗೆಳೆಯುತ್ತವೆ.

ಈಗ

2016ರಿಂದ ಬಂದ ಎ1, ಎ2 ದರ್ಜೆಗಳು ಚಿಕ್ಕ ಚಿಕ್ಕ ಬರಹಗಳ ಕನಿಷ್ಠ ವೇಗವನ್ನು ನಿಗದಿಪಡಿಸಿವೆ: ಎ1ಗೆ ಸೆಕೆಂಡಿಗೆ 500 ಬರಹ, ಎ2ಗೆ 2,000. ಮೈಕ್ರೊಸಾಫ್ಟ್ 2019ರಲ್ಲಿ ಎಕ್ಸ್‌ಫ್ಯಾಟ್‌ನ ವಿವರ ಪ್ರಕಟಿಸಿದ್ದರಿಂದ ದೊಡ್ಡ ಕಾರ್ಡುಗಳನ್ನು ಓದುವ ದಾರಿ ಕರ್ನಲ್‌ಗೆ ಸಲೀಸಾಯಿತು. 2022ರಲ್ಲಿ ಬಂದ, ಲಿನಕ್ಸ್ ಮೇಲೆ ನಡೆಯುವ ಆಟದ ಯಂತ್ರ ಸ್ಟೀಮ್ ಡೆಕ್ ತನ್ನ ಕಾರ್ಡನ್ನು ಇಎಕ್ಸ್‌ಟಿ-4ಕ್ಕೆ ತಾನೇ ಸಜ್ಜುಗೊಳಿಸುತ್ತದೆ. ಝೌರಸ್ ಕಾಲದಲ್ಲಿ ಕಮಾಂಡ್ ಬರೆದು ಮಾಡುತ್ತಿದ್ದ ಕೆಲಸ ಈಗ ಒಂದು ಗುಂಡಿ ಒತ್ತಿದಷ್ಟು ಸುಲಭ.

ಆದರೂ ಬಳಸುವವರ ಎಚ್ಚರಕ್ಕೆ ಬದಲಿಯಿಲ್ಲ. ಹೊಸ ಕಾರ್ಡನ್ನು ಪರೀಕ್ಷಿಸಿಯೇ ಬಳಸಬೇಕು. ತಾತ್ಕಾಲಿಕ ಫೈಲು, ಲಾಗ್‌ಗಳು ಸಾಧ್ಯವಾದಷ್ಟು ರ್‍ಯಾಮಿನಲ್ಲೇ ಇರಲಿ. ಬ್ಯಾಟರಿ ಬತ್ತುವ ಮುನ್ನ ಯಂತ್ರ ಕ್ರಮವಾಗಿ ಮುಚ್ಚಲಿ. ಅನ್‌ಮೌಂಟ್ ಮಾಡದೆ ಕಾರ್ಡು ಕೀಳಬಾರದು. ಮುಖ್ಯವಾದದ್ದರ ಪ್ರತಿ ಇನ್ನೊಂದು ಕಡೆ ಇರಲೇಬೇಕು.

ಆಗಬೇಕಾದ ಕೆಲಸವೂ ಒಂದಿದೆ. ಫೋನುಗಳೊಳಗಿನ ಇಎಂಎಂಸಿ ಚಿಪ್ಪು 5.0 ಆವೃತ್ತಿಯಿಂದ ತಾನೆಷ್ಟು ಸವೆದಿದ್ದೇನೆಂದು ಕೇಳಿದವರಿಗೆ ಹೇಳುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಸ್‌ಡಿ ಕಾರ್ಡು ಹಾಗೆ ಹೇಳುವುದಿಲ್ಲ. ಒಂದು ದಿನ ಸುಮ್ಮನೆ ನಿಂತುಬಿಡುತ್ತದೆ. ಡ್ರೈವರ್, ಮಾನದಂಡ, ಫೈಲ್ ಸಿಸ್ಟಂ ಹೀಗೆ ಒಂದೊಂದೇ ತೆರೆದಂತೆ ಕಾರ್ಡು ನಂಬಲರ್ಹವಾಗುತ್ತ ಬಂದಿದೆ. ತನ್ನ ಆರೋಗ್ಯವನ್ನು ತಾನೇ ತಿಳಿಸುವ ಕಾರ್ಡನ್ನು ತಯಾರಕರಿಂದ ಕೇಳಿ ಪಡೆಯುವುದು ಇನ್ನು ಬಳಸುವವರ ಹಕ್ಕಾಗಬೇಕು.