ದಾವಣಗೆರೆಯ ಭಜನಾಮೇಳವೂ ವಚನಗಾನದ ಪ್ರಾಚೀನತೆಯೂ

ಫ. ಗು. ಹಳಕಟ್ಟಿಯವರ ವಚನಸಂಗ್ರಹವಾದ ವಚನಶಾಸ್ತ್ರಸಾರವು 1923ರಲ್ಲಿ ಅಚ್ಚಾಗಿ ಹೊರಬರುವುದಕ್ಕೆ ಹತ್ತು ವರ್ಷ ಮೊದಲೇ, ಎಂದರೆ 1913ರಲ್ಲಿ, ದಾವಣಗೆರೆಯ ವಿರಕ್ತಮಠದಲ್ಲಿ ಮೃತ್ಯುಂಜಯ ಸ್ವಾಮಿಗಳ ಒತ್ತಾಸೆಯಿಂದ ಹರ್ಡೇಕರ ಮಂಜಪ್ಪನವರು ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದರು. ಬನವಾಸಿಯಿಂದ ಬಂದು ಇದೇ ಊರಿನಲ್ಲಿ 1906ರಲ್ಲಿ 'ಧನುರ್ಧಾರಿ' ಪತ್ರಿಕೆಯನ್ನು ಹೊರಡಿಸಿದ ಮಂಜಪ್ಪನವರು ತಿಲಕರ ಅನುಯಾಯಿಗಳು. ಪುಣೆಯ ಗಣೇಶೋತ್ಸವದ ಮೇಳಗಳು ಹಾಡಿನ ಮೂಲಕವೇ ಜನಸಮೂಹವನ್ನು ಒಂದುಗೂಡಿಸಿದ ಬಗೆಯನ್ನು ಅವರು ಅರಿತವರಾದುದರಿಂದ, ಮಠದ ಶ್ರಾವಣಮಾಸದ ಉಪನ್ಯಾಸಗಳೊಡನೆ ಭಜನೆಯನ್ನೂ ಸೇರಿಸಿದುದರಲ್ಲಿ ಆಶ್ಚರ್ಯವಿಲ್ಲ. ಓದುಬರೆಹವಿಲ್ಲದವನೂ ಉಪನ್ಯಾಸವನ್ನು ಕೇಳಬಲ್ಲನು, ದಿಟ. ಆದರೆ ಭಜನೆಯಲ್ಲಿ ಅವನು ಕೇವಲ ಶ್ರೋತೃವಾಗಿ ಉಳಿಯಬೇಕಾಗಿಲ್ಲ.

ಈ ಭಜನೆಯ ರಚನೆಯನ್ನು ತುಸು ಸಮೀಪದಿಂದ ನೋಡುವುದು ಒಳ್ಳೆಯದು. ಒಂದು ಕಾಲಕ್ಕೆ ಪ್ರತ್ಯೇಕ ಹಳ್ಳಿಯಾಗಿದ್ದು ಇಂದು ನಗರದೊಳಗೆ ಕರಗಿಹೋಗಿರುವ ನಿಟ್ಟುವಳ್ಳಿಯಂಥ ಕೇರಿಗಳಲ್ಲಿ ಶ್ರಾವಣದ ಸೋಮವಾರ ರಾತ್ರಿ ಗುಡಿಯ ಕಟ್ಟೆಯ ಮೇಲೆ ಕೂಡುವ ಮೇಳಕ್ಕೆ ಹಾರ್ಮೋನಿಯಂ, ದಮ್ಮಡಿ, ತಾಳ, ಚಿಟಿಕೆಗಳಿಷ್ಟಿದ್ದರೆ ಸಾಕು. ಮುಂದಾಳು ಒಂದು ಸೊಲ್ಲನ್ನು ಎತ್ತಿಕೊಡುತ್ತಾನೆ, ಉಳಿದವರು ಅದನ್ನೇ ಹಿಂದಿನಿಂದ ಹಿಡಿಯುತ್ತಾರೆ. ಪಲ್ಲವಿ ಮರಳಿ ಬಂದಾಗ ಸುತ್ತ ಕುಳಿತ ಹೆಂಗಸರು ಮಕ್ಕಳೆಲ್ಲರೂ ಸೇರುತ್ತಾರೆ. ತತ್ತ್ವಪದಕ್ಕಾದರೆ ಪಲ್ಲವಿ ನುಡಿಗಳುಂಟು, ತಾಳಕ್ಕೆ ಅದು ಸುಲಭವಾಗಿ ಒಗ್ಗುತ್ತದೆ. ವಚನವೋ ನಿಯತವಾದ ಮಾತ್ರೆಗಣಗಳಿಲ್ಲದ ಗದ್ಯ; ಅದನ್ನು ಗುಂಪಿನಲ್ಲಿ ಹಾಡಬೇಕಾದಾಗ ಮೇಳದವರು ಗಿಡ್ಡ ಮಾತನ್ನು ಹಿಗ್ಗಿಸಿ, ಉದ್ದದ ಮಾತನ್ನು ಅವಸರದಿಂದ ಮುಗಿಸಿ, ಅಂಕಿತದ ಹೆಸರು ಬಂದೊಡನೆ ಎಲ್ಲರೂ ಒಟ್ಟಾಗಿ ನಿಲುಗಡೆಗೆ ಬರುತ್ತಾರೆ. ಶಾಸ್ತ್ರಜ್ಞರು ಇದನ್ನು ಒರಟೆಂದಾರು. ನನಗಾದರೋ ವಚನದ ಸಹಜವಾದ ಉಸಿರು ಈ ಒರಟುತನದಲ್ಲಿಯೇ ಹೆಚ್ಚು ಉಳಿದಿದೆಯೆಂದು ತೋರುತ್ತದೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಹೀಗೆಯೇ ಹಾಡುತ್ತಿದ್ದರೆಂದು ಹೇಳುವಷ್ಟು ಧೈರ್ಯ ಯಾರಿಗೂ ಸಲ್ಲದು. ಹರಿಹರನು ತನ್ನ ರಗಳೆಗಳಲ್ಲಿ ಬಸವಣ್ಣನ ಗೀತವನ್ನು ಪ್ರಸ್ತಾಪಿಸುತ್ತಾನೆ. ಸಕಳೇಶ ಮಾದರಸನು ವಾದ್ಯವಿಶಾರದನೆಂದು ಪ್ರತೀತಿ. ಸ್ವರವಚನಗಳೆಂಬ ಪಲ್ಲವಿಯುಳ್ಳ ಹಾಡುಗಳ ಓಲೆಗರಿಗಳಲ್ಲಿ ರಾಗತಾಳಗಳ ಹೆಸರುಗಳನ್ನೂ ಬರೆದಿದೆ. ಆದರೆ ಆ ಗರಿಗಳು ರಾಗದ ಹೆಸರನ್ನು ಉಳಿಸಿದುವಲ್ಲದೆ ರಾಗದ ಸಂಚಾರವನ್ನು ಉಳಿಸಲಿಲ್ಲ. ಭೈರವಿಯೆಂಬ ಹೆಸರು ಹಾಗೆಯೇ ಇದ್ದು, ಅದರ ರೂಪವು ಕಾಲದಿಂದ ಕಾಲಕ್ಕೆ, ದಕ್ಷಿಣೋತ್ತರ ಭೇದದಿಂದ, ಬೇರೆಬೇರೆಯಾಗಿರುವುದು ಸಂಗೀತಾಭ್ಯಾಸಿಗಳಿಗೆ ತಿಳಿದ ವಿಷಯ. ಯೂರೋಪಿನ ಗೋಷ್ಠಿಗಾಯಕರು ಈ ವಿಷಯದಲ್ಲಿ ಭಾಗ್ಯವಂತರು. ಜರ್ಮನ್ ಸಂಗೀತಕಾರ ಬಾಖನ ಸಂತ ಮತ್ತಾಯನ ಯಾತನಾಗೀತವನ್ನು 1829ರಲ್ಲಿ ಬರ್ಲಿನಿನಲ್ಲಿ ಮೆಂಡೆಲ್ಸನ್ ಪುನಃ ಹಾಡಿಸಿದಾಗ ದೊಡ್ಡ ಗಾಯಕಸಮೂಹವನ್ನು ನಿಲ್ಲಿಸಿ, ಕೃತಿಯನ್ನು ಕತ್ತರಿಸಿ, ತನ್ನ ಕಾಲದ ರುಚಿಗೆ ಹೊಂದಿಸಿಕೊಂಡನು. 1964ರಲ್ಲಿ ಕೇಂಬ್ರಿಜ್ಜಿನಲ್ಲಿ ಜಾನ್ ಎಲಿಯಟ್ ಗಾರ್ಡಿನರ್ ಕಟ್ಟಿದ ಮಾಂಟೆವರ್ಡಿ ಗಾಯಕವೃಂದವೇ ಮೊದಲಾದ ಮೇಳಗಳು ಕ್ರಮೇಣ ಸಣ್ಣ ಗುಂಪಿಗೂ ಪ್ರಾಚೀನ ವಾದ್ಯಗಳಿಗೂ ಹಿಂದಿರುಗಿದುವು. ಅವರಿಗೆ ಸ್ವರಲಿಪಿಯ ಆಧಾರವಿತ್ತು, ತಿದ್ದಿಕೊಳ್ಳಲು ಮೂಲವಿತ್ತು.

ನಮ್ಮಲ್ಲಿ ಪ್ರಾಚೀನತೆಯ ಹೆಸರಿನಲ್ಲಿ ಬಂದದ್ದು ಬೇರೊಂದು ಮಾರ್ಗ. ದಾವಣಗೆರೆಯ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳು ಮುಂದೆ ಧಾರವಾಡದ ಮುರುಘಾಮಠಕ್ಕೆ ಹೋದರು. ಅಲ್ಲಿ ಅವರ ಭಕ್ತರಾದವರಲ್ಲಿ ಜಯಪುರ–ಅತ್ರೌಳಿ ಘರಾಣೆಯ ಮಲ್ಲಿಕಾರ್ಜುನ ಮನಸೂರರೂ ಒಬ್ಬರು. ಮಂಜೀಖಾನ್ ಮತ್ತು ಭೂರ್ಜಿಖಾನರಲ್ಲಿ ಕಲಿತ ಆ ಮಹಾನುಭಾವರು ವಚನವನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದ ಮೇಲೆ ವಚನಗಾನವೆಂದರೆ ಅದೇ ಎಂಬ ಭಾವನೆ ಜನರಲ್ಲಿ ನೆಲೆಯೂರಿತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಬಾಲಕರಿಗೆ ಕಲಿಸಿದ ವಿದ್ಯೆ ಈ ಮಾರ್ಗವನ್ನು ಊರೂರಿಗೆ ಒಯ್ದಿತು. ಮನಸೂರರ ಕಂಠದಲ್ಲಿ ಅಕ್ಕನ ವಚನವನ್ನು ಕೇಳಿ ಮೈಮರೆಯದವನು ಕನ್ನಡಿಗನೇ ಅಲ್ಲ. ಹಾಗೆಂದು ಆ ಗಾನವನ್ನು ಹನ್ನೆರಡನೆಯ ಶತಮಾನಕ್ಕೆ ಆರೋಪಿಸುವುದು ಇತಿಹಾಸವಾಗಲಾರದು. ಅದು ಇಪ್ಪತ್ತನೆಯ ಶತಮಾನದ ಸೃಷ್ಟಿ, ಅದರ ಹಿರಿಮೆಯೂ ಅಷ್ಟರಿಂದಲೇ ಸಿದ್ಧವಾದದ್ದು.

ಏಕಕಂಠದ ಈ ಗಾನವು ಆಕಾಶವಾಣಿಯಲ್ಲಿಯೂ ಧ್ವನಿಮುದ್ರಿಕೆಗಳಲ್ಲಿಯೂ ಶಾಶ್ವತವಾಯಿತು. ಕೇರಿಯ ಮೇಳಕ್ಕೆ ಆ ಭಾಗ್ಯ ಅಷ್ಟಾಗಿ ದೊರೆಯಲಿಲ್ಲ. ಸಿನಿಮಾ ಮಟ್ಟುಗಳೂ ಧ್ವನಿವರ್ಧಕವೂ ಬಂದ ಬಳಿಕ ಹಳೆಯ ಮುಂದಾಳುಗಳ ಮಟ್ಟುಗಳು ಒಂದೊಂದಾಗಿ ಮರೆಯಾಗುತ್ತಿವೆ. ಸ್ವರವಚನಗಳ ಗರಿಯ ಮೇಲಿನ ರಾಗನಾಮವನ್ನೂ ಅದೇ ಪದವನ್ನು ಇಂದಿಗೂ ಹಾಡುವ ಮುದುಕರ ಮಟ್ಟನ್ನೂ ಅಕ್ಕಪಕ್ಕದಲ್ಲಿಟ್ಟು ಪರೀಕ್ಷಿಸುವ ವಿದ್ವಾಂಸನು ನಿಟ್ಟುವಳ್ಳಿಯ ಕಟ್ಟೆಯಿಂದಲೇ ತನ್ನ ಕೆಲಸವನ್ನು ಆರಂಭಿಸಬಹುದು. ಅವನು ಮೊದಲು ಬರೆದುಕೊಳ್ಳಬೇಕಾದದ್ದು ಮುಂದಾಳಿನ ಸೊಲ್ಲನ್ನಲ್ಲ, ಹಿಮ್ಮೇಳದವರು ಅದನ್ನು ಎಲ್ಲಿ ಹಿಡಿದು ಎಲ್ಲಿ ಬಿಡುತ್ತಾರೆಂಬುದನ್ನು.