ಸೇವಾಯಂತ್ರ: ಜಪಾನಿನ ವೃದ್ಧಸೇವೆಯ ಒಂದು ಅಧ್ಯಾಯ

‘ರೋಬಾಟ್’ ಎಂಬ ಶಬ್ದವು ಚೆಕ್ ಭಾಷೆಯದು. 1920ರಲ್ಲಿ ಪ್ರಕಟವಾದ ಕಾರೆಲ್ ಚಾಪೆಕನ ‘ಆರ್. ಯು. ಆರ್.’ ಎಂಬ ನಾಟಕದ ಮೂಲಕ ಅದು ಲೋಕದ ಭಾಷೆಗಳಿಗೆಲ್ಲ ಸಂದಿತು. ಶಬ್ದವನ್ನು ಸೂಚಿಸಿದವನು ನಾಟಕಕಾರನ ಅಣ್ಣನಾದ ಯೋಸೆಫ್. ಅದರ ಮೂಲವಾದ ‘ರೊಬೊತ’ ಎಂದರೆ ಒಡೆಯನ ಹೊಲದಲ್ಲಿ ಒಕ್ಕಲು ಮಕ್ಕಳು ಕೂಲಿಯಿಲ್ಲದೆ ಮಾಡಬೇಕಾಗಿದ್ದ ದುಡಿಮೆ. ಕನ್ನಡ ಶಾಸನಗಳಲ್ಲಿ ಬರುವ ‘ಬಿಟ್ಟಿ’ ಎಂಬ ಮಾತು ಇದಕ್ಕೆ ಬಹುಮಟ್ಟಿಗೆ ಸಮಾನವಾದುದು. ನಮ್ಮಲ್ಲಿ ‘ಯಂತ್ರಮಾನವ’ ಎಂಬ ಪದವು ರೂಢಿಗೆ ಬಂದಿದ್ದರೂ ಮೂಲ ಶಬ್ದವು ಯಂತ್ರವನ್ನಾಗಲಿ ಮಾನವನನ್ನಾಗಲಿ ಹೇಳದೆ ಬಿಟ್ಟಿಯನ್ನು ಹೇಳುತ್ತದೆಂಬುದು ಗಮನಾರ್ಹವಾದ ಸಂಗತಿ. ವೃದ್ಧರ ಸೇವೆಗಾಗಿ ಜಪಾನೀಯರು ಯಂತ್ರಗಳನ್ನು ನಿರ್ಮಿಸಿದ ವೃತ್ತಾಂತವನ್ನು ಈ ಅರ್ಥದ ಬೆಳಕಿನಲ್ಲಿಯೇ ಪರಿಶೀಲಿಸತಕ್ಕದ್ದು.

ಚಲಿಸುವ ಬೊಂಬೆ ಜಪಾನಿಗೆ ಹೊಸದಲ್ಲ. ಚಹದ ಬಟ್ಟಲನ್ನು ಅತಿಥಿಯ ಮುಂದಕ್ಕೆ ಒಯ್ಯುವ ಬೊಂಬೆಯ ರಚನಾಕ್ರಮವನ್ನು 1796ರ ‘ಕರಕುರಿ ಝುಯಿ’ ಎಂಬ ಗ್ರಂಥವು ಚಿತ್ರಸಹಿತವಾಗಿ ವಿವರಿಸುತ್ತದೆ. ಆದರೆ ಅಂತಹ ಬೊಂಬೆಗಳು ಇದ್ದುದು ವಿನೋದಕ್ಕೆ. ಸೇವೆಗೆ ಮನೆಯ ಸೊಸೆ ಇದ್ದಳು. ಹಾಸಿಗೆ ಹಿಡಿದ ಅತ್ತೆಮಾವಂದಿರನ್ನು ಎತ್ತಿ ಕೂರಿಸುವುದು, ಮೀಯಿಸುವುದು, ಉಣಿಸುವುದು ಹಿರಿಯ ಮಗನ ಹೆಂಡತಿಯ ಪಾಲಿನ ಧರ್ಮವೆನಿಸಿತ್ತು. 1972ರಲ್ಲಿ ಅರಿಯೊಶಿ ಸಾವಕೊ ಎಂಬ ಲೇಖಕಿ ಬರೆದ ‘ಕೋಕೊತ್ಸು ನೊ ಹಿತೊ’ ಎಂಬ ಕಾದಂಬರಿಯು ಬುದ್ಧಿಭ್ರಮಣೆಗೊಂಡ ಮಾವನನ್ನು ನೋಡಿಕೊಳ್ಳುವ ಉದ್ಯೋಗಸ್ಥೆ ಸೊಸೆಯೊಬ್ಬಳ ಪಾಡನ್ನು ಚಿತ್ರಿಸಿತು. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದ ಆ ಕೃತಿಯಿಂದ, ಅದುವರೆಗೆ ಮನೆಯೊಳಗೆ ಅಡಗಿದ್ದ ಸಂಕಟವು ಸಾರ್ವಜನಿಕ ಚರ್ಚೆಯ ವಿಷಯವಾಯಿತು.

ಅಂಕಿಗಳೂ ಅದನ್ನೇ ನುಡಿಯುತ್ತಿದ್ದವು. 65 ವರ್ಷ ಮೀರಿದವರು 1970ರಲ್ಲಿ ಜನಸಂಖ್ಯೆಯ ನೂರಕ್ಕೆ 7ರಷ್ಟಿದ್ದರು. 1994ರ ಹೊತ್ತಿಗೆ ಆ ಪ್ರಮಾಣವು 14ಕ್ಕೆ ಏರಿತು. ಇದೇ ಏರಿಕೆಗೆ ಫ್ರಾನ್ಸ್ ದೇಶವು ಒಂದು ಶತಮಾನಕ್ಕೂ ಮಿಕ್ಕ ಅವಧಿಯನ್ನು ತೆಗೆದುಕೊಂಡಿತ್ತು. ಜಪಾನಿನ ಸಂಸತ್ತು 1997ರಲ್ಲಿ ದೀರ್ಘಕಾಲೀನ ಶುಶ್ರೂಷಾ ವಿಮೆಯ ಶಾಸನವನ್ನು ಅಂಗೀಕರಿಸಿತು. 2000ದ ಏಪ್ರಿಲಿನಿಂದ ಅದು ಜಾರಿಗೆ ಬಂದಿತು. 40 ವರ್ಷ ತುಂಬಿದವರೆಲ್ಲ ಕಂತು ಕಟ್ಟಬೇಕು. ವೆಚ್ಚದ ಅರ್ಧ ಕಂತಿನಿಂದ, ಉಳಿದರ್ಧ ತೆರಿಗೆಯಿಂದ. ಶುಶ್ರೂಷೆ ಮಾಡುವ ಮನೆಯವರಿಗೆ ಹಣ ಕೊಡಬೇಕೆಂಬ ಸಲಹೆಯೂ ಇತ್ತು. ಹಾಗೆ ಮಾಡಿದರೆ ಸೊಸೆಯನ್ನು ಹಾಸಿಗೆಯ ಬುಡಕ್ಕೆ ಮತ್ತಷ್ಟು ಬಿಗಿದಂತಾದೀತೆಂದು ಮಹಿಳಾ ಸಂಘಟನೆಗಳು ವಾದಿಸಿದವು. ಹಣಕ್ಕೆ ಬದಲಾಗಿ ಹೊರಗಿನ ಸೇವೆಯನ್ನೇ ಒದಗಿಸುವ ಪದ್ಧತಿಯು ನೆಲೆಗೊಂಡಿತು. ಬಿಟ್ಟಿಯಾಗಿದ್ದ ದುಡಿಮೆಗೆ ಈ ಬಗೆಯಾಗಿ ಲೆಕ್ಕದ ಪುಸ್ತಕದಲ್ಲಿ ಸ್ಥಾನ ದೊರೆಯಿತು.

ಲೆಕ್ಕ ಸಿದ್ಧವಾದರೂ ದುಡಿಯುವ ಕೈಗಳು ಸಾಲಲಿಲ್ಲ. ಯಂತ್ರದ ಕಡೆಗೆ ದೃಷ್ಟಿ ಹರಿದುದು ಈ ಕೊರತೆಯಿಂದಲೇ. ರೋಗಿಯನ್ನು ದಿನವೂ ಹಲವು ಬಾರಿ ಎತ್ತಿ ಇಳಿಸುವ ದಾದಿಯರ ಸೊಂಟ ಮುರಿಯುತ್ತಿದ್ದುದರಿಂದ, ಎತ್ತುವ ಯಂತ್ರವನ್ನು ರಿಕೆನ್ ಸಂಶೋಧನಾ ಸಂಸ್ಥೆಯು ಕೈಗೊಂಡಿತು. 2009ರ ‘ರೀಬಾ’ 61 ಕಿಲೋಗ್ರಾಂ ಭಾರವನ್ನು, 2011ರ ಅದರ ಎರಡನೆಯ ಆವೃತ್ತಿಯು 80 ಕಿಲೋಗ್ರಾಂ ಭಾರವನ್ನು ಎತ್ತಬಲ್ಲವಾಗಿದ್ದವು. 2015ರಲ್ಲಿ ಕರಡಿಮುಖದ ‘ರೋಬೇರ್’ ಬಂದಿತು. ಅದರ ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಮೆರೆದವು. ಆದರೆ 140 ಕಿಲೋಗ್ರಾಂ ತೂಗುತ್ತಿದ್ದ ಆ ಕರಡಿಯು ಪ್ರಯೋಗಶಾಲೆಯನ್ನು ದಾಟಿ ಮಾರುಕಟ್ಟೆಗೆ ಬರಲೇ ಇಲ್ಲ.

ಬಾಳಿದುದು ಎತ್ತಲಾರದ, ಎರಡು ಹೆಜ್ಜೆಯನ್ನೂ ಇಡಲಾರದ ಒಂದು ಬೊಂಬೆ. ಶಿಬತ ತಕನೊರಿ ಎಂಬ ವಿಜ್ಞಾನಿ 1993ರಲ್ಲಿ ಆರಂಭಿಸಿದ ‘ಪಾರೊ’ ಸೀಲ್ ಎಂಬ ಕಡಲಪ್ರಾಣಿಯ ಮರಿಯ ರೂಪದ್ದು. 2005ರಿಂದ ಜಪಾನಿನಲ್ಲಿ ಮಾರಾಟಕ್ಕೆ ಬಂದಿತು. ನಾಯಿ ಬೆಕ್ಕುಗಳ ರೂಪವಾದರೆ ಜನರು ನಿಜವಾದ ಪ್ರಾಣಿಯೊಡನೆ ಹೋಲಿಸಿ ಕೊರತೆಯನ್ನು ಕಾಣುವರು. ಸೀಲನ್ನು ಹತ್ತಿರದಿಂದ ಕಂಡವರು ವಿರಳ. ಸ್ಪರ್ಶವನ್ನೂ ದನಿಯನ್ನೂ ಗ್ರಹಿಸಿ ಅದು ಕಣ್ಣರಳಿಸುತ್ತದೆ, ಮುಲುಗುತ್ತದೆ. 2009ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅದನ್ನು ವೈದ್ಯಕೀಯ ಸಾಧನವೆಂದು ಮನ್ನಿಸಿತು.

ಹಾಗಾದರೆ ಯಂತ್ರವು ಬಿಟ್ಟಿಯ ಭಾರವನ್ನು ಇಳಿಸಿತೇ? ಜೇಮ್ಸ್ ರೈಟ್ ಎಂಬ ಮಾನವಶಾಸ್ತ್ರಜ್ಞನು ಜಪಾನಿನ ಒಂದು ವೃದ್ಧಾಶ್ರಮದಲ್ಲಿದ್ದು ಕಂಡುದನ್ನು 2023ರ ತನ್ನ ಗ್ರಂಥದಲ್ಲಿ ನಿರೂಪಿಸಿದ್ದಾನೆ. ಯಂತ್ರಗಳನ್ನು ಹೊರತರುವುದು, ಒರಸುವುದು, ನಡೆಸುವುದು, ಅವುಗಳ ಬಳಿ ಕುಳಿತ ವೃದ್ಧರನ್ನು ಕಾಯುವುದು, ಇವೆಲ್ಲ ದಾದಿಯರಿಗೇ ಹೆಚ್ಚಿನ ಕೆಲಸವಾಗಿ ಪರಿಣಮಿಸಿದವು. ಇತ್ತ ಸರ್ಕಾರವೂ ಯಂತ್ರವನ್ನಷ್ಟೇ ನಂಬಿ ಕೂರಲಿಲ್ಲ. ಇಂಡೋನೇಷ್ಯದಿಂದ 2008ರಲ್ಲಿ, ಫಿಲಿಪ್ಪೀನ್ಸಿನಿಂದ 2009ರಲ್ಲಿ, ವಿಯೆಟ್ನಾಮಿನಿಂದ 2014ರಲ್ಲಿ ಶುಶ್ರೂಷಕರು ಬರತೊಡಗಿದರು; 2019ರಲ್ಲಿ ಹೊಸ ಪರವಾನಗಿಯೊಂದು ಬಾಗಿಲನ್ನು ಇನ್ನಷ್ಟು ತೆರೆಯಿತು.

ಸೊಸೆಯಿಂದ ದಾದಿಗೆ, ದಾದಿಯಿಂದ ಪರದೇಶದ ಹೆಣ್ಣುಮಗಳಿಗೆ ಭಾರವು ಹೆಗಲು ಬದಲಿಸಿದೆಯೇ ಹೊರತು ಕರಗಿಲ್ಲ. ಸೇವೆಯನ್ನು ಬಿಟ್ಟಿಯೆಂದು ಬಗೆದುದರಿಂದಲೇ ಯಂತ್ರವು ಅದನ್ನು ಬಿಟ್ಟಿಯಾಗಿ ಮಾಡೀತೆಂಬ ಭ್ರಮೆಯು ಹುಟ್ಟಿತು. ಯಂತ್ರಕ್ಕೆ ಬೆಲೆ ಕಟ್ಟಿದ ನಾಡು ಅದರ ಪಕ್ಕದಲ್ಲಿ ನಿಂತ ಕೈಗೂ ತಕ್ಕ ಬೆಲೆಯನ್ನು ಕಟ್ಟಿದಾಗ ಮಾತ್ರ ಆ ಚೆಕ್ ಶಬ್ದದ ಹಳೆಯ ಅರ್ಥವು ಅಳಿಯುವುದು.