ಕಾವಲಿಗೆ ಬಂದವನೇ ಬೀಗ ಬದಲಾಯಿಸಿದ

ಹುಡುಕೋಕೆ ಹೊರಟ ಕೂಡಲೇ ಬಗ್ ಮಾಯ! ಕೋಡ್ ಬರೆಯುವವರಿಗೆಲ್ಲ ಇದು ಗೊತ್ತು. ಟ್ಯಾಂಡೆಮ್ ಕಂಪ್ಯೂಟರ್ಸ್‌ನಲ್ಲಿದ್ದ ಜಿಮ್ ಗ್ರೇ, ಕಂಪ್ಯೂಟರುಗಳು ಯಾಕೆ ನಿಂತುಹೋಗುತ್ತವೆ ಅನ್ನೋ ಬಗ್ಗೆ 1985ರಲ್ಲಿ ಬರೆದ ವರದಿಯಲ್ಲಿ ಇಂಥವನ್ನು 'ಹೈಸೆನ್‌ಬಗ್' ಅಂತ ಕರೆದರು. ಭೌತವಿಜ್ಞಾನಿ ಹೈಸೆನ್‌ಬರ್ಗ್ ನೆನಪಿನ ತಮಾಷೆ ಅದು. ನನ್ನನ್ನು ಹೆಚ್ಚು ಕಾಡೋದು ಇದರ ಉಲ್ಟಾ ಕಥೆ: ಬಗ್ ಹಿಡಿಯೋ ಸಾಧನವೇ ಹೊಸ ಬಗ್ ತಂದಿಡೋದು. ಜಾವಾ ಚರಿತ್ರೆಯಲ್ಲಿ ಅದಕ್ಕೊಂದು ಒಳ್ಳೆ ಉದಾಹರಣೆ ಇದೆ.

1997ರಲ್ಲಿ ಜಾವಾ 1.1 ಜೊತೆ ಸೀರಿಯಲೈಸೇಷನ್ ಬಂತು. ಅಂದ್ರೆ, ಓಡುತ್ತಿರುವ ಪ್ರೋಗ್ರಾಮಿನ ಆಬ್ಜೆಕ್ಟನ್ನು ಬೈಟ್‌ಗಳಾಗಿ ಫೈಲಿನಲ್ಲಿ ಇಟ್ಟು, ಬೇಕಾದಾಗ ಮತ್ತೆ ಜೀವ ಕೊಡೋದು. ಹೊರಗೆ ತೆಗೆಯುವಾಗ ಇದು ಅದೇ ಕ್ಲಾಸಿನದ್ದಾ ಅಂತ ತಿಳಿಯಬೇಕಲ್ಲ? ಅದಕ್ಕೆ ಪ್ರತಿ ಕ್ಲಾಸಿಗೂ 64 ಬಿಟ್‌ನ ಒಂದು ಗುರುತಿನ ಸಂಖ್ಯೆ. ನೀವು ಕೊಡದಿದ್ದರೆ ಕ್ಲಾಸಿನ ಹೆಸರು, ಫೀಲ್ಡ್, ಮೆಥಡ್‌ಗಳ ವಿವರವನ್ನೆಲ್ಲ ಸೇರಿಸಿ ಜಾವಾ ತಾನೇ ಲೆಕ್ಕ ಹಾಕುತ್ತೆ.

2002ರಲ್ಲಿ ಜಾವಾ 1.4 ಬಂತು, ಜೊತೆಗೆ 'ಅಸರ್ಟ್' ಬಂತು. 'ಇಲ್ಲಿ ಬ್ಯಾಲೆನ್ಸ್ ಸೊನ್ನೆಗಿಂತ ಕಡಿಮೆ ಇರಕೂಡದು' ಅಂತ ಕೋಡಿನ ನಡುವೆ ಕೂರಿಸಿದ ಕಾವಲುಗಾರ. ನಾವಾಗಿ ಎಬ್ಬಿಸದಿದ್ದರೆ ಅವನು ಮಲಗೇ ಇರ್ತಾನೆ. ನಿರುಪದ್ರವಿ ಅನ್ಸುತ್ತೆ ಅಲ್ವಾ? ಆದರೆ ಅವನು ಎದ್ದಿದ್ದಾನಾ, ಮಲಗಿದ್ದಾನಾ ಅಂತ ಗುರುತಿಡೋಕೆ ಕಂಪೈಲರ್ ಆ ಕ್ಲಾಸಿನೊಳಗೆ ಸದ್ದಿಲ್ಲದೆ ಒಂದು ಫೀಲ್ಡ್ ಸೇರಿಸುತ್ತೆ. ಗುರುತಿನ ಲೆಕ್ಕಕ್ಕೆ ಅದೂ ಸೇರುತ್ತೆ, ಸಂಖ್ಯೆ ಬದಲಾಗುತ್ತೆ. ಒಂದೇ ಒಂದು ಅಸರ್ಟ್ ಬರೆದರೆ ಸಾಕು, ನಿನ್ನೆ ಉಳಿಸಿದ ಫೈಲ್ ಇವತ್ತು ತೆರೆಯೋಲ್ಲ. ಒಳಗಿನ ಡೇಟಾದಲ್ಲಿ ಒಂದು ಬಿಟ್ ಕೂಡ ಕೆಟ್ಟಿಲ್ಲ. ಆದರೂ 'ಇನ್‌ವ್ಯಾಲಿಡ್ ಕ್ಲಾಸ್' ಅಂತ ಬಾಗಿಲು ಬಂದ್.

ಪರಿಹಾರ ಒಂದು ಸಾಲಿನದ್ದು: 'ಸೀರಿಯಲ್ ವರ್ಷನ್ ಯುಐಡಿ' ಸಂಖ್ಯೆಯನ್ನು ನಾವೇ ಬರೆದುಬಿಡೋದು. ಜಾವಾದ ಅಧಿಕೃತ ಕೈಪಿಡಿ ಇದನ್ನೇ ಒತ್ತಿ ಹೇಳುತ್ತೆ. ಯಾಕಂದ್ರೆ ತಾನಾಗಿ ಹಾಕುವ ಲೆಕ್ಕ ಕಂಪೈಲರಿನಿಂದ ಕಂಪೈಲರಿಗೂ ಬದಲಾಗಬಹುದು.

ಬಗ್ ಹಿಡಿಯೋ ಸಾಧನ ಹೊರಗೆ ನಿಂತು ಇಣುಕುತ್ತೆ ಅಂತ ನಾವು ಅಂದುಕೊಂಡಿರ್ತೀವಿ. ಇಲ್ಲ ಸ್ವಾಮಿ, ಅದು ಮನೆಯೊಳಗೇ ಬಂದು ಜಾಗ ಹಿಡಿಯುತ್ತೆ. ಮಲಗಿದ್ದರೂ ರೇಷನ್ ಕಾರ್ಡಿನಲ್ಲಿ ಅದರ ಹೆಸರು ಸೇರುತ್ತೆ. ಹಾಗಾಗಿ ವರ್ಷಗಟ್ಟಲೆ ಉಳೀಬೇಕಾದ ಡೇಟಾದ ಗುರುತನ್ನು ಕಂಪೈಲರಿನ ಊಹೆಗೆ ಬಿಡಬಾರದು ಅಂತ ನನ್ನ ವಾದ. ನಿಮ್ಮ ಆಫೀಸಿನ ಹಳೇ ಕೋಡಿನಲ್ಲಿ ಆ ಸಾಲು ಇದೆಯಾ ಅಂತ ನಾಳೆ ಒಮ್ಮೆ ನೋಡಿ.